ಹೆಸರು ಗೊತ್ತಿಲ್ಲದ ಆ ಡೈವರ್‌ಗೆ ಥ್ಯಾಂಕ್ಸ್

ನೀರಿನಿಂದ ಮೇಲೆ ಬಂದ ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದಕ್ಕೂ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ಕೂಬಾ ಕಲಿಯುವವರಿಗೆ ನೀರಿನ ಭಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನನಗಿದ್ದದ್ದು ಎತ್ತರದ ಭಯ. ನೀರು ತಿಳಿಯಾಗಿದ್ದಷ್ಟೂ ಅದು ಜಾಸ್ತಿ, ಆಳ ಕಣ್ಣಿಗೆ ಕಾಣುತ್ತದೆ ಅಲ್ವಾ! ಹವಳದ ದಿಬ್ಬ ಮುಗಿದು ಕೆಳಗೆ ಬರೀ ನೀಲಿ ಕಂಡಾಗ ಹಗ್ಗ ಹಿಡಿದ ಬೆರಳು ಬಿಡಿಸುವುದಕ್ಕೇ ಆಗಲಿಲ್ಲ.

ನೀವು ಅವಸರ ಮಾಡಲಿಲ್ಲ. ಎದುರಿಗೆ ಬಂದು, ಕಣ್ಣಲ್ಲಿ ಕಣ್ಣಿಟ್ಟು, ಅಂಗೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಾ ನನ್ನ ಉಸಿರನ್ನು ಹದಕ್ಕೆ ತಂದಿರಿ. ತೇಲುವುದನ್ನು ಹದ ಮಾಡಿಕೊಳ್ಳಲು ಹಾಕಿಕೊಳ್ಳುವ ಜಾಕೆಟ್‌ನಲ್ಲಿ ಗಾಳಿ ಸರಿಯಾಗಿದ್ದರೆ ಉಸಿರು ಎಳೆದಾಗ ಮೈ ಸ್ವಲ್ಪ ಏಳುತ್ತದೆ, ಬಿಟ್ಟಾಗ ಸ್ವಲ್ಪ ಇಳಿಯುತ್ತದೆ, ಕಲ್ಲಿನ ಹಾಗೆ ಬೀಳುವುದಿಲ್ಲ. ಪಾಠದಲ್ಲಿ ಕೇಳಿದ್ದೆ, ಮೈಗೆ ಗೊತ್ತಾಗಿದ್ದು ನಿಮ್ಮೆದುರು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು, ಇಳಿಯುವಾಗ ಕಿವಿಯ ಒತ್ತಡ ಸರಿ ಮಾಡಿಕೊಳ್ಳುತ್ತಲೇ ಇರಬೇಕು, ಭಯದಲ್ಲಿ ಅದು ಮರೆತೇ ಹೋಗುತ್ತದೆ. ನೀವು ನಿಮ್ಮ ಮೂಗು ಹಿಡಿದು ತೋರಿಸಿ ಪ್ರತಿ ಸಲ ನೆನಪಿಸಿದಿರಿ.

ನಿಮ್ಮ ಡೈವ್‌ನ ಅರ್ಧ ಹೊತ್ತು ನನಗೇ ಹೋಯಿತು. ಆದರೂ ದೋಣಿ ಹತ್ತಿದ ಮೇಲೆ ನಗುತ್ತಾ ಬೆನ್ನು ತಟ್ಟಿದಿರಿ. ಮುಂದಿನ ವಾರ ಅದೇ ಅಂಚಿಗೆ ಮತ್ತೆ ಇಳಿಯುತ್ತಿದ್ದೇನೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ, ತುಂಬಾ ತುಂಬಾ ಥ್ಯಾಂಕ್ಸ್.