ಕೆಳಗಿಳಿದ ಎಣ್ಣೆಗೆ ಸೋರಿಕೆಯ ಬಿಲ್

ಇವರಿಗೆ,
ವ್ಯವಸ್ಥಾಪಕರು,
ಹಳೇ ಬೈಕ್‌ಗಳ ಸಂಗ್ರಹಣೆ ಮತ್ತು ಸರ್ವೀಸ್ ವಿಭಾಗ,
ಶಿವಮೊಗ್ಗ

ಇವರಿಂದ,
ನಿಮ್ಮ ಗ್ರಾಹಕ,
ತೀರ್ಥಹಳ್ಳಿ ತಾಲ್ಲೂಕು

ವಿಷಯ: ಮಳೆಗಾಲಕ್ಕೆಂದು ನಿಮ್ಮಲ್ಲಿ ಬಿಟ್ಟಿದ್ದ ಬುಲೆಟ್‌ಗೆ ಆಗಿರುವ ಹಾನಿ ಮತ್ತು ತಪ್ಪು ಬಿಲ್ಲಿನ ಕುರಿತು.

ಮಾನ್ಯರೇ,

ನಮ್ಮ ಕಡೆ ಜಡಿಮಳೆ ಹಿಡಿದರೆ ಕೊಟ್ಟಿಗೆಯ ಥಂಡಿಗೆ ಸೀಟಿಗೆ ಬೂಷ್ಟು ಬರುತ್ತದೆ, ಚಕ್ರದ ಕಡ್ಡಿಗಳಿಗೆ ತುಕ್ಕು ಹಿಡಿಯುತ್ತದೆ. ಅದಕ್ಕಾಗಿಯೇ ಜೂನ್ ಮೊದಲ ವಾರ ನನ್ನ 1974ರ ಬುಲೆಟ್ 350 ಅನ್ನು ನಿಮ್ಮ ಶೆಡ್ಡಿನಲ್ಲಿ ಬಿಟ್ಟು, ಇಡೀ ಮಳೆಗಾಲದ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿದೆ. ತಿಂಗಳಿಗೆ ಎರಡು ಬಾರಿ ಎಂಜಿನ್ ಚಾಲೂ ಮಾಡಿ ಸುಸ್ಥಿತಿಯಲ್ಲಿ ಒಪ್ಪಿಸುತ್ತೇವೆ ಎಂದು ನಿಮ್ಮ ರಸೀದಿಯಲ್ಲಿದೆ. ಬಿಡುವಾಗಲೇ ನಾನು ಜಾಬ್ ಕಾರ್ಡಿನಲ್ಲಿ ಒಂದು ಮಾತು ಬರೆಸಿದ್ದೆ: ಈ ಗಾಡಿಯ ಆಯಿಲ್ ಪಂಪ್ ಹಳೆಯದು, ನಿಂತರೆ ಆಯಿಲ್ ಎಂಜಿನ್ನಿನೊಳಗೇ ಕೆಳಗಿಳಿಯುತ್ತದೆ, ಬಹಳ ದಿನ ನಿಂತಿದ್ದರೆ ಕೆಳಗಿನ ಬೋಲ್ಟ್ ಬಿಚ್ಚಿ ಆ ಆಯಿಲ್ ಇಳಿಸದೆ ಕಿಕ್ ಹೊಡೆಯಬಾರದು. ಆ ಕಾರ್ಡಿನ ನಕಲು ಲಗತ್ತಿಸಿದ್ದೇನೆ.

ಅಕ್ಟೋಬರಿನಲ್ಲಿ ಗಾಡಿ ಬಿಡಿಸಿಕೊಳ್ಳಲು ಬಂದಾಗ ನಿಮ್ಮ ಹುಡುಗ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡಿ, "ಸಾರ್, ಆಯಿಲ್ ಪೂರ್ತಿ ಖಾಲಿ" ಎಂದು ಹೊಸ ಡಬ್ಬಿ ತೆರೆದು ಒಂದು ಲೀಟರ್ ಸುರಿದ. ಗಾಡಿಯಡಿ ಸಿಮೆಂಟ್ ನೆಲ ಒಣಗಿತ್ತು, ಒಂದು ಹನಿಯ ಕಲೆಯೂ ಇರಲಿಲ್ಲ. "ತಡಿಯಪ್ಪ, ಕೆಳಗಿನ ಬೋಲ್ಟ್ ಬಿಚ್ಚು" ಎಂದು ನಾನು ಹೇಳುವಷ್ಟರಲ್ಲಿ ಕಿಕ್ ಹೊಡೆದು ಆಕ್ಸಿಲರೇಟರ್ ತಿರುವಿಯೂ ಆಗಿತ್ತು. ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಎಣ್ಣೆ ಉಕ್ಕಿ ಹಿಂದಿನ ಚಕ್ರದವರೆಗೂ ಎರಚಿತು. ಶೆಡ್ ತುಂಬ ನೀಲಿ ಹೊಗೆ. ಹುಡುಗರು ಗೋಣಿಚೀಲ ಹಾಸಿ ನೆಲ ಒರೆಸಿದರು. ಅಂದಿನಿಂದ ಕ್ಲಚ್ ಜಾರುತ್ತಿದೆ, ಎಡಬದಿಯ ಕ್ಲಚ್ ಕೇಸಿನ ಅಂಚಿನಲ್ಲಿ ಎಣ್ಣೆ ಜಿನುಗುತ್ತಿದೆ. ಇಷ್ಟಾದ ಮೇಲೆ "ಆಯಿಲ್ ಲೀಕೇಜ್ ರಿಪೇರಿ, ಗ್ಯಾಸ್ಕೆಟ್ ಬದಲಾವಣೆ" ಎಂದು 4,850 ರೂಪಾಯಿ ಬಿಲ್ ಕೊಟ್ಟಿದ್ದೀರಿ. ಗಾಡಿ ಬೇಕಾಗಿದ್ದರಿಂದ ಆಕ್ಷೇಪಣೆ ಬರೆದೇ ಹಣ ಕಟ್ಟಿದ್ದೇನೆ.

ಕಿಕ್ ಹೊಡೆಯುವ ಮೊದಲು ಅಲ್ಲಿ ಲೀಕೇಜ್ ಇರಲೇ ಇಲ್ಲ. ಎರಕದ ಕಬ್ಬಿಣದ ಎಂಜಿನ್ನಿನ ಹಳೇ ಬುಲೆಟ್‌ನಲ್ಲಿ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನೊಳಗೇ, ಅಂದರೆ ಎಂಜಿನ್ನಿನ ಕೆಳಗಿನ ಕವಚದೊಳಗೇ, ಒಂದು ಪ್ರತ್ಯೇಕ ಕೋಣೆಯಾಗಿರುತ್ತದೆ. ಒಂದು ಪಂಪ್ ಅಲ್ಲಿಂದ ಆಯಿಲನ್ನು ಬೇರಿಂಗಿಗೆ, ಮೇಲಕ್ಕೆ ಕಳಿಸುತ್ತದೆ. ಆ ಕವಚದೊಳಗೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಅಡಿ ಬಿದ್ದದ್ದನ್ನು ಎತ್ತಿ ಮತ್ತೆ ಟ್ಯಾಂಕಿಗೆ ಹಾಕುವುದು ಇನ್ನೊಂದರ ಕೆಲಸ. ಪಂಪಿನ ಡಿಸ್ಕ್ ಸವೆದಿದ್ದರೆ, ಗಾಡಿ ನಿಂತಲ್ಲೇ ಆಯಿಲ್ ಸಂದಿಯಲ್ಲಿ ನುಸುಳಿ ಫ್ಲೈವೀಲ್ ಇರುವ ಕಡೆ ಇಳಿದು ನಿಲ್ಲುತ್ತದೆ. ಡಿಪ್‌ಸ್ಟಿಕ್‌ಗೆ ಕಾಣುವುದು ಟ್ಯಾಂಕ್ ಮಾತ್ರ. ಹಾಗಾಗಿ ಬಹಳ ದಿನ ನಿಂತ ಹಳೇ ಬುಲೆಟ್‌ನ ಡಿಪ್‌ಸ್ಟಿಕ್ ಒಣಗಿ ಕಂಡರೆ ಮೇಲೆ ಸುರಿಯುವುದೇ ಮೊದಲ ಅನಾಹುತ. ಎಂಜಿನ್ ಓಡಿ ಬಿಸಿಯಾಗಿ, ಆಯಿಲ್ ಟ್ಯಾಂಕಿಗೆ ವಾಪಸಾದ ಮೇಲಷ್ಟೇ ಮಟ್ಟ ನೋಡಬೇಕು.

ನಿಮ್ಮ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸಿಟ್ಟಿರುವುದು ಬರೆಸಿದ ಮಾತನ್ನು ಓದದ ನಿಮ್ಮ ವ್ಯವಸ್ಥೆಯ ಮೇಲೆ. ತಿಂಗಳಿಗೆ ಎರಡು ಬಾರಿ ಹದಿನೈದು ಇಪ್ಪತ್ತು ನಿಮಿಷ ಎಂಜಿನ್ ಓಡಿಸಿದ್ದರೆ ಎಣ್ಣೆ ಇಷ್ಟು ಇಳಿದಿರುತ್ತಿರಲಿಲ್ಲ. ಎರಡು ನಿಮಿಷ ಗುರುಗುಟ್ಟಿಸಿ ಆರಿಸುವುದು ಲೆಕ್ಕಕ್ಕಿಲ್ಲ. ನಮ್ಮ ಮಳೆಗಾಲದ ಹವೆಯಲ್ಲಿ ಅದರಿಂದ ಒಳಗೆ ನೀರ ಪಸೆ ಕೂರುತ್ತದೆಯೇ ಹೊರತು ಬೇರೇನೂ ಆಗದು. ಓಡಿಸಲು ಆಗದಿದ್ದರೆ ಬೇಡ, ಬಿಡಿ. ಒಪ್ಪಿಸುವ ದಿನ ಕ್ರ್ಯಾಂಕ್‌ಕೇಸಿನ ಡ್ರೈನ್ ಬೋಲ್ಟ್ ಬಿಚ್ಚಿ, ಬಂದ ಎಣ್ಣೆಯನ್ನು ಶುದ್ಧವಾದ ಪಾತ್ರೆಯಲ್ಲಿ ಹಿಡಿದು, ಚೆನ್ನಾಗಿದ್ದರೆ ಅದನ್ನೇ ಟ್ಯಾಂಕಿಗೆ ಸುರಿದಿದ್ದರೆ ಸಾಕಿತ್ತು.

ಫೋನಿನಲ್ಲಿ ನಿಮ್ಮ ಸೂಪರ್‌ವೈಸರ್ "ಆಯಿಲ್ ಪೈಪಿಗೆ ಒಂದು ನಲ್ಲಿ ಹಾಕಿಸಿಬಿಡಿ" ಎಂದರು. ಆಯಿಲ್ ಟ್ಯಾಂಕ್ ಎಂಜಿನ್ನಿನಿಂದ ಬೇರೆಯಾಗಿರುವ ಬಿಎಸ್ಎ, ನಾರ್ಟನ್‌ನಂಥ ಹಳೇ ಬ್ರಿಟಿಷ್ ಬೈಕ್‌ಗಳಿಗೆ ಕೆಲವರು ಹಾಕಿಸುತ್ತಾರೆ. ಅಲ್ಲೂ ತೆರೆಯಲು ಮರೆತರೆ ಎಂಜಿನ್ ಒಣಗಿ ಜಾಮ್ ಆಗುತ್ತದೆ. ನನ್ನ ಗಾಡಿಯಲ್ಲಂತೂ ನಲ್ಲಿ ಹಾಕಲು ಅಂಥ ಪೈಪೇ ಇಲ್ಲ. ಆ ಶೆಡ್ಡಿನಲ್ಲಿ ಮೈಸೂರಿನ ಯೆಜ್ಡಿಗಳನ್ನೂ ಕಂಡೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಆದ್ದರಿಂದ ಅವುಗಳಿಗೆ ಈ ತೊಂದರೆಯಿಲ್ಲ, ಆದರೆ ಪೆಟ್ರೋಲ್ ಕಾಕ್ ಬಂದ್ ಮಾಡದೆ ನಿಲ್ಲಿಸಿದರೆ ಪೆಟ್ರೋಲ್ ಎಂಜಿನ್ನಿಗೆ ಇಳಿಯಬಹುದು. ಒಂದೇ ಪದ್ಧತಿ ಎಲ್ಲ ಗಾಡಿಗೂ ಸಲ್ಲುವುದಿಲ್ಲ.

ಬಿಲ್ಲಿನ 4,850 ರೂಪಾಯಿ ಹಿಂದಿರುಗಿಸಬೇಕು. ಕ್ಲಚ್ ಕೇಸನ್ನು ನನ್ನ ಎದುರು ಬಿಚ್ಚಿಸಿ, ಹಾಳಾದ ಕ್ಲಚ್ ಪ್ಲೇಟು, ಸೀಲುಗಳನ್ನು ನಿಮ್ಮ ಖರ್ಚಿನಲ್ಲಿ ಹಾಕಿಸಿಕೊಡಬೇಕು. ಎಂಜಿನ್ ಯಾವ್ಯಾವ ದಿನ ಓಡಿಸಿದಿರಿ ಎಂಬ ದಾಖಲೆಯ ನಕಲೂ ಬೇಕು. ಇನ್ನು ಮುಂದೆ ಹಳೇ ಬುಲೆಟ್‌ಗಳ ಹ್ಯಾಂಡಲ್‌ಗೆ "ಮೊದಲು ಕೆಳಗಿನ ಬೋಲ್ಟ್ ಬಿಚ್ಚಿ" ಎಂಬ ಚೀಟಿ ಕಟ್ಟಿಸಿ. ಬೇರೆಯವರ ಗಾಡಿಗೆ ಹೀಗಾಗುವುದು ಬೇಡ.

ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಸೇವಾ ನ್ಯೂನತೆಯ ದೂರನ್ನು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇನೆ. ರಸೀದಿ, ಜಾಬ್ ಕಾರ್ಡ್, ಬಿಲ್ಲಿನ ನಕಲು ಮತ್ತು ಅಂದು ತೆಗೆದ ಫೋಟೋಗಳು ಇದರೊಂದಿಗಿವೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)