ನಮ್ಮ ಹ್ಯಾಂಡೋವರ್ ಇನ್ನೂ ಬಾಕಿ ಇದೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಜಿಲ್ಲಾ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಶುಶ್ರೂಷಾಧಿಕಾರಿ. ಜನರ ಬಾಯಲ್ಲಿ ಈಗಲೂ ಕ್ಯಾಶುವಾಲ್ಟಿ ಸಿಸ್ಟರ್. ಕೆಲಸಕ್ಕೆ ಸೇರಿ 31 ವರ್ಷ ಆಯಿತು. ಊರಿನ ಹೆಸರು, ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಯಾರ ಮೇಲೂ ದೂರು ಹೇಳುವುದಕ್ಕೆ ಈ ಪತ್ರ ಬರೆದಿಲ್ಲ.

ದಿನಾ ಬೆಳಗ್ಗೆ ಅನ್ನಕ್ಕೆ ಎಸರಿಡುತ್ತೇನೆ. ನೀರು ಗುಳುಗುಳು ಕುದಿಯುವಾಗ ಏನೂ ಆಗುವುದಿಲ್ಲ. ಅಕ್ಕಿ ಸುರಿದ ಕೂಡಲೇ ಆ ಸದ್ದು ಒಂದು ಕ್ಷಣ ನಿಲ್ಲುತ್ತದಲ್ಲ, ಆಗ ಎದೆ ಧಸಕ್ಕೆನ್ನುತ್ತದೆ. ಕೈ ತಣ್ಣಗಾಗುತ್ತದೆ. ಐದಾರು ಉಸಿರು ಎಳೆದುಕೊಂಡ ಮೇಲೆ ಸರಿಹೋಗುತ್ತದೆ. 2021ರಿಂದ ಹೀಗೆಯೇ.

ಯಾಕೆ ಅಂತ ಹೇಳುತ್ತೇನೆ. ಆಕ್ಸಿಜನ್ ಕೊಡುವಾಗ, ಅದು ನಿಮಿಷಕ್ಕೆ ಎಷ್ಟು ಲೀಟರ್ ಹೋಗಬೇಕು ಅಂತ ತಿರುಗಿಸಿ ಇಡುವ ಫ್ಲೋ ಮೀಟರಿನ ಕೆಳಗೆ ಒಂದು ನೀರಿನ ಬಾಟಲಿ ಇರುತ್ತದೆ. ಗಾಳಿ ಹರಿಯುತ್ತಿದ್ದರೆ ಅದರಲ್ಲಿ ಗುಳ್ಳೆ ಏಳುತ್ತಾ ಇರುತ್ತದೆ. ಕೋವಿಡ್‌ನ ಎರಡನೇ ಅಲೆಯಲ್ಲಿ ನಮ್ಮ ವಾರ್ಡಿನ ತುಂಬಾ ರಾತ್ರಿಯಿಡೀ ಅದೇ ಸದ್ದು. ಪಿಪಿಇ ಕಿಟ್ ಒಳಗೆ ಬೆವರು, ಗಾಗಲ್ಸ್ ಮೇಲೆ ಹಬೆ. ದೂರದ ಮಂಚ ಮಸುಕು ಮಸುಕು. ಹಾಗಾಗಿ ಕಿವಿಯಿಂದಲೇ ನೋಡುವುದನ್ನು ಕಲಿತೆವು. ಎಲ್ಲಿ ಗುಳ್ಳೆಯ ಸದ್ದು ನಿಂತಿತೋ ಅತ್ತ ಓಡುವುದು.

ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಬೇಕಾದ ಒಬ್ಬರಿಗೆ ಅದು ಏಳೂವರೆ ಗಂಟೆ ಚಿಲ್ಲರೆ ಬರುತ್ತದೆ. ಹೈ ಫ್ಲೋ ಮೆಷಿನ್‌ನಲ್ಲಿ 60 ಲೀಟರ್ ಬಿಟ್ಟರೆ ಎರಡು ಗಂಟೆಯೂ ಬಾಳುವುದಿಲ್ಲ. ಗ್ಲೌಸ್ ಡಬ್ಬದ ರಟ್ಟು ಹರಿದು ಅದರ ಮೇಲೆ ಈ ಲೆಕ್ಕ ಬರೆದು ಇಟ್ಟುಕೊಂಡಿದ್ದೆ. ಎಷ್ಟು ಮಂಚ, ಎಷ್ಟು ಲೀಟರ್, ಎಷ್ಟು ಗಂಟೆಗೆ ಖಾಲಿ. ಒಂದು ರಾತ್ರಿ ಸಿಲಿಂಡರ್ ಗಾಡಿ ಬರುವುದು ತಡ ಆಗುತ್ತದೆ ಅಂತ ಫೋನ್ ಬಂತು. ಡಾಕ್ಟರು ಮೇಲಿನ ವಾರ್ಡಿನಲ್ಲಿ ಒಬ್ಬರಿಗೆ ಟ್ಯೂಬ್ ಹಾಕುತ್ತಿದ್ದರು. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಚೆನ್ನಾಗಿರುವವರದ್ದು ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ನೋಡಿ ಸಿಸ್ಟರ್ ಅಂತ ಹೇಳಿ ಕಳಿಸಿದರು. ಸರಿಯಾದ ಮಾತೇ. ನಾನಾದರೂ ಅದನ್ನೇ ಹೇಳುತ್ತಿದ್ದೆ. ಆದರೆ ತಿರುಗಿಸಿದ ಕೈ ನನ್ನದು. 15ರಿಂದ 12, 12ರಿಂದ 10. ಒಬ್ಬ ಅಜ್ಜಿ ಕಣ್ಣು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಮಾಸ್ಕ್ ಒಳಗಿಂದಲೇ ಕೇಳಿದರು, “ಯಾಕವ್ವಾ, ಕಮ್ಮಿ ಮಾಡ್ದಿ?”

ಬೆಳಗಿನ ಜಾವ ಗಾಡಿ ಬಂತು. ಅಜ್ಜಿ ಉಳಿದರು, ಹನ್ನೊಂದು ದಿನದ ಮೇಲೆ ಮನೆಗೂ ಹೋದರು. ಹೋಗುವಾಗ ನನ್ನ ಕೈ ಹಿಡಿದುಕೊಂಡು ಅತ್ತರು. ಆದರೂ ಅವರ ಆ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಅಜ್ಜಿ ಬದುಕಿಯೇ ನನಗೆ ಹೀಗಾದರೆ, ಆ ರಾತ್ರಿಗಳಲ್ಲಿ ಕಣ್ಣೆದುರೇ ಕಳೆದುಕೊಂಡ ಸಿಸ್ಟರುಗಳ ಪಾಡು ಏನಿರಬಹುದು? 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಯಿತು. ಮಾರನೇ ದಿನ ಹೊರಬಂದ ಲೆಕ್ಕ 24 ಸಾವು. ಅಂದು ಅಲ್ಲಿ ಡ್ಯೂಟಿಯಲ್ಲಿದ್ದವರ ಮುಖ ನಾನು ನೋಡಿಲ್ಲ. ಆದರೆ ಎಷ್ಟೋ ಸಲ ಅವರನ್ನು ನೆನೆಸಿಕೊಂಡಿದ್ದೇನೆ.

ಸಚಿವರೇ, ಇದಕ್ಕೆಲ್ಲ ಸ್ಟ್ರೆಸ್ ಅಂತ ಒಂದೇ ಹೆಸರು ಇಟ್ಟುಬಿಟ್ಟಿದ್ದಾರೆ. ಯೋಗ ಮಾಡಿ, ಧ್ಯಾನ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ಮಾಡುತ್ತೇವೆ. ದಣಿವಾಗಿದ್ದರೆ ಅದರಿಂದ ಹೋಗುತ್ತಿತ್ತು. ಏನು ಮಾಡಬೇಕು ಅಂತ ಗೊತ್ತಿದ್ದೂ, ಕೈ ಸಾಲದೆ, ಸಾಮಾನು ಸಾಲದೆ ಸುಮ್ನೆ ನಿಂತಿದ್ದೆವಲ್ಲ, ಅದು ನಿದ್ದೆಯಲ್ಲೂ ಬಂದು ಎಬ್ಬಿಸುತ್ತದೆ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಅಂತ ನಾವು ಓದಿದ್ದು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಕೇಸು. ಆ ವಾರ ನಮ್ಮ ರಾತ್ರಿ ಪಾಳಿಯಲ್ಲಿ 28 ಮಂಚಕ್ಕೆ ನಾವು ಇಬ್ಬರು.

ಜನ ನಮ್ಮನ್ನು ಮರೆತರು ಅಂತ ನಾನು ಹೇಳುವುದಿಲ್ಲ. 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ನಮ್ಮ ಬೀದಿಯವರು ತಟ್ಟೆ ಬಡಿದಾಗ ನನ್ನ ಕಣ್ಣು ತುಂಬಿತ್ತು. ನಿಜವಾಗಿಯೂ. ಕೂಗಾಡಿದವರೂ ಇದ್ದರು, ಒಬ್ಬರು ಕಾಲರ್ ಹಿಡಿದು ನಮ್ಮ ಬ್ರದರ್ (ಗಂಡು ನರ್ಸ್) ಒಬ್ಬನನ್ನು ಗೋಡೆಗೆ ಒತ್ತಿದ್ದರು. ಅದಕ್ಕೆ 2020ರಲ್ಲಿ ಕಾನೂನು ಬಂತು, ಗಂಭೀರ ಗಾಯ ಮಾಡಿದರೆ 7 ವರ್ಷದವರೆಗೆ ಶಿಕ್ಷೆ. ಒಳ್ಳೆಯದೇ ಆಯಿತು. ಆದರೆ ಅಪ್ಪನನ್ನು ಕಳೆದುಕೊಂಡ ಸಂಕಟದಲ್ಲಿ ಕೂಗಿದವರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೆ ಕೂಗುವುದಕ್ಕಾದರೂ ಒಂದು ಬಾಗಿಲು ಇತ್ತು, ಅದು ನಮ್ಮದು.

ನಾನು ಕೇಳಬೇಕು ಅಂದುಕೊಂಡಿರುವುದು ಒಂದೇ. ಅದು ನಮ್ಮ ಕೆಲಸದ ಒಳಗಿನದೇ ಮಾತು. ಯಾವ ನರ್ಸೂ ಹ್ಯಾಂಡೋವರ್ ಕೊಡದೆ ಮನೆಗೆ ಹೋಗುವುದಿಲ್ಲ. ಎಂಥ ತುರ್ತಿದ್ದರೂ ಮುಂದಿನ ಪಾಳಿಯವಳನ್ನು ಕರೆದುಕೊಂಡು ಮಂಚದಿಂದ ಮಂಚಕ್ಕೆ ಹೋಗುತ್ತೇವೆ. ಇವರಿಗೆ ರಾತ್ರಿ ಜ್ವರ ಇತ್ತು, ಇವರ ಡ್ರಿಪ್ ಅರ್ಧ ಆಗಿದೆ, ಇವರ ಮಗ ಹತ್ತು ಗಂಟೆಗೆ ಬರುತ್ತಾನೆ. ಎಲ್ಲ ಹೇಳಿ, ಸಹಿ ಹಾಕಿಸಿಕೊಂಡ ಮೇಲೆ ಹೆಗಲು ಹಗುರ ಆಗುತ್ತದೆ. ಆ ಭಾರ ಈಗ ಇನ್ನೊಬ್ಬರದ್ದು. ಆದರೆ 2020, 2021ರ ಡ್ಯೂಟಿಯ ಹ್ಯಾಂಡೋವರ್ ನಮ್ಮಿಂದ ಇವತ್ತಿನವರೆಗೆ ಯಾರೂ ತೆಗೆದುಕೊಂಡಿಲ್ಲ. ಅಲೆ ಇಳಿಯಿತು, ವಾರ್ಡ್ ತೊಳೆಸಿದರು, ಮಾರನೇ ದಿನ ಅಪಘಾತದ ಕೇಸು, ಹಾವು ಕಚ್ಚಿದ ಕೇಸು ಬರುವುದಕ್ಕೆ ಶುರುವಾಯಿತು. ಅಷ್ಟೇ.

ವಿಚಾರಣೆಗಳು ನಡೆದಿವೆ, ಗೊತ್ತು. ವಿಚಾರಣೆಯಲ್ಲಿ ತಪ್ಪು ಯಾರದ್ದು ಅಂತ ಕೇಳುತ್ತಾರೆ. ಆಗ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಹಾಯವಾಣಿಯೂ ಇದೆ. ನಿಮ್ಹಾನ್ಸ್‌ನವರು 2020ರಲ್ಲೇ ಶುರು ಮಾಡಿದ್ದರು, 2022ರಿಂದ ಟೆಲಿ ಮಾನಸ್ 14416 ಇದೆ. ನಾನೇ ಎಷ್ಟೋ ರೋಗಿಗಳ ಕಡೆಯವರಿಗೆ ಆ ನಂಬರ್ ಬರೆದುಕೊಟ್ಟಿದ್ದೇನೆ. ನನಗಾಗಿ ಮಾಡಲಿಲ್ಲ. ಎರಡು ಕೋಣೆಯ ಮನೆಯಲ್ಲಿ, ಅತ್ತೆ, ಮಕ್ಕಳ ನಡುವೆ ಎಲ್ಲಿ ಕೂತು ಮಾತಾಡಲಿ? ಮತ್ತೆ, ಗೊತ್ತಾದರೆ ಸಿಸ್ಟರ್‌ಗೆ ತಲೆ ಸರಿಯಿಲ್ಲವಂತೆ ಅನ್ನುತ್ತಾರೆ ಎಂಬ ಹೆದರಿಕೆ. ಅದು ನಮ್ಮ ಆಸ್ಪತ್ರೆಗಳಲ್ಲಿ ಬಹಳ ಜಾಸ್ತಿ.

ಆದ್ದರಿಂದ ಇಲಾಖೆಯೇ ನಮ್ಮ ಹತ್ತಿರ ಬರಲಿ. ಪ್ರತಿ ಜಿಲ್ಲೆಯಲ್ಲಿ ಅಂದು ಕ್ಯಾಶುವಾಲ್ಟಿ, ಕೋವಿಡ್ ವಾರ್ಡ್, ಐಸಿಯು ನೋಡಿಕೊಂಡ ನರ್ಸುಗಳನ್ನು ಐದಾರು ಜನರಂತೆ ಕೂರಿಸಿ, ಡ್ಯೂಟಿ ಸಮಯದಲ್ಲೇ ಅರ್ಧ ದಿನ ಬಿಟ್ಟುಕೊಡಿ. ಎದುರಿಗೆ ಮೇಲಧಿಕಾರಿಗಳು ಬೇಡ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇರಲಿ. ಇಡೀ ದೇಶದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯೇ ಅಲ್ವಾ? ಹೇಳಿದ್ದು ಸೇವಾ ಪುಸ್ತಕಕ್ಕೆ ಹೋಗಬಾರದು, ಹೆಸರಿಲ್ಲದೆ ಇಲಾಖೆಗೆ ಹೋಗಬೇಕು. ಯಾವ ಗಂಟೆಗೆ ಏನು ಖಾಲಿಯಾಯಿತು, ಎಷ್ಟು ಜನಕ್ಕೆ ಒಬ್ಬ ನರ್ಸ್ ಇದ್ದಳು, ಯಾವ ನಿರ್ಧಾರ ಅವಳೊಬ್ಬಳ ತಲೆಗೆ ಬಿತ್ತು. ಮುಂದಿನ ಸಾಂಕ್ರಾಮಿಕಕ್ಕೆ ಎಷ್ಟು ಹುದ್ದೆ ತುಂಬಬೇಕು ಅಂತ ಲೆಕ್ಕ ಹಾಕುವಾಗ ನಿಮಗೆ ಇದಕ್ಕಿಂತ ನಿಖರವಾದ ಕಾಗದ ಎಲ್ಲೂ ಸಿಗುವುದಿಲ್ಲ.

ಗುತ್ತಿಗೆಯವರನ್ನು ದಯವಿಟ್ಟು ಬಿಡಬೇಡಿ. 2020ರ ಸೆಪ್ಟೆಂಬರಿನಲ್ಲಿ ಅವರು ಸಮಾನ ಕೆಲಸಕ್ಕೆ ಸಮಾನ ಸಂಬಳ ಕೇಳಿ ಮುಷ್ಕರಕ್ಕೆ ಕೂತಿದ್ದು ನಿಮಗೆ ನೆನಪಿರಬಹುದು. ಆ 28 ಮಂಚದ ರಾತ್ರಿ ನನ್ನ ಜೊತೆ ಇದ್ದದ್ದು 23 ವರ್ಷದ ಹುಡುಗಿ. ಕೋವಿಡ್‌ಗೆ ಅಂತಲೇ ಆರು ತಿಂಗಳಿಗೆ ತೆಗೆದುಕೊಂಡಿದ್ದರು. ಹೆಣ ಸುತ್ತುವುದನ್ನು ಅವಳಿಗೆ ಕಲಿಸಿದವಳು ನಾನೇ. ಅಲೆ ಇಳಿದ ಮೇಲೆ ಅವಧಿ ಮುಗಿಯಿತು ಅಂತ ಕಳಿಸಿದರು. ಈಗ ಊರಲ್ಲಿ ಬಟ್ಟೆ ಅಂಗಡಿಯಲ್ಲಿದ್ದಾಳೆ. ಮತ್ತೆ ನರ್ಸಿಂಗ್ ಬೇಡ ಅಕ್ಕಾ ಅನ್ನುತ್ತಾಳೆ. ಅವಳು ಯಾವ ಆಸ್ಪತ್ರೆಯ ಹಾಜರಿಯಲ್ಲೂ ಇಲ್ಲ. ನೀವು ಹುಡುಕಿದರೆ ಮಾತ್ರ ಸಿಗುತ್ತಾಳೆ.

ನನಗೆ ಇನ್ನು ಎರಡು ವರ್ಷಕ್ಕೆ ನಿವೃತ್ತಿ. ಅಂದಿನ ನಮ್ಮ ತಂಡದಲ್ಲಿ ಮೂವರು ಆಗಲೇ ನಿವೃತ್ತರಾದರು, ಇಬ್ಬರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಲೀಟರ್ ಲೆಕ್ಕ ಬರೆದ ಆ ರಟ್ಟು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇದೆ. ಅಜ್ಜಿಯ ಮಂಚದ ನಂಬರ್ ಪಕ್ಕದಲ್ಲಿ 15 ಹೊಡೆದು 12, 12 ಹೊಡೆದು 10 ಅಂತ ನನ್ನ ಕೈಬರಹ. ಅದನ್ನು ಯಾರ ಕೈಗೆ ಕೊಡಬೇಕು, ಎಂದು ಕೊಡಬೇಕು, ಅಷ್ಟು ತಿಳಿಸಿ. ತರುತ್ತೇನೆ.

ಇತಿ,
ಒಬ್ಬ ಶುಶ್ರೂಷಾಧಿಕಾರಿ
ತುರ್ತು ಚಿಕಿತ್ಸಾ ವಿಭಾಗ