ಅವ್ವನ ಮಂಡಿ, ಅತ್ತಿಗೆಯ ಬೆರಳು

ಲೀಡ್ಸ್, ಇಂಗ್ಲೆಂಡ್
ನವೆಂಬರ್ 16, ಭಾನುವಾರ

ಅವ್ವನಿಗೆ ನಿನ್ನ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಚಳಿ ಜಾಸ್ತಿ, ಅಷ್ಟೆ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಅನ್ನುತ್ತೀಯ. ಫೋನಿನಲ್ಲಿ ಅತ್ತಿಗೆಯ ಕೈನೋವಿನ ಮಾತು ಎತ್ತಿದರೆ ಸಾಕು, ಅಪ್ಪ ‘ಅದೆಲ್ಲ ವಾಯು ಕಣಮ್ಮ’ ಅಂದು ಮುಗಿಸಿಬಿಡುತ್ತಾರೆ. ಕಾಗದಕ್ಕೆ ಮಧ್ಯೆ ಬಾಯಿ ಹಾಕೋಕೆ ಆಗಲ್ಲ ಅಲ್ವಾ?

ಮೊನ್ನೆ ವಿಡಿಯೋದಲ್ಲಿ ಅತ್ತಿಗೆ ಮುದ್ದೆ ತಿರುವುತ್ತಿದ್ದರು. ಕೋಲಿಗೆ ಬಟ್ಟೆ ಸುತ್ತಿ, ಬೆರಳು ಮಡಿಸದೆ, ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದರು. ನಾನು ನೋಡಿದ್ದು ಗೊತ್ತಾಗಿ ಆ ಕಡೆ ತಿರುಗಿಕೊಂಡರು. ಕೈಯಲ್ಲಿ ಬಳೆಯೂ ಇರಲಿಲ್ಲ. ಕೇಳಿದರೆ ‘ಏರುತ್ತಿಲ್ಲ, ಸುಮ್ನೆ ಬಿಟ್ಟಿದ್ದೀನಿ’ ಅಂದರು. ನೀನು ಹಿಂದಿನಿಂದ, ‘ನನ್ನ ಮಂಡಿ ಮಾತ್ರೇನೇ ಕೊಡ್ತಾ ಇದೀನಿ, ಅದೇ ನೋವು ತಾನೇ’ ಅಂದೆ.

ಅದೇ ನೋವಲ್ಲ ಅವ್ವ. ಇದನ್ನು ಹೇಳೋಕೇ ಇಷ್ಟು ಬರೆಯುತ್ತಿದ್ದೇನೆ.

ನಿನ್ನದು ಸವೆತ. ಮೂಳೆಗೆ ಮೂಳೆ ತಾಗದ ಹಾಗೆ ನಡುವೆ ಒಂದು ನುಣುಪಾದ ಮೆತ್ತೆ ಇರುತ್ತದೆ, ಅದು ವರ್ಷ ಕಳೆದಂತೆ ತೆಳುವಾಗುತ್ತದೆ. ಬೆಳಗ್ಗೆ ಏಳುವಾಗ ನಿನ್ನ ಮಂಡಿ ಬಿಗಿ, ಕಾಫಿ ಕಾಸುವಷ್ಟರಲ್ಲಿ ಸಡಿಲ. ಆಮೇಲೆ ಗದ್ದೆಗೆ ಹೋಗಿ ಬಂದರೆ ಸಂಜೆಗೆ ಮತ್ತೆ ನೋವು. ಅತ್ತಿಗೆಯದು ಇದಕ್ಕೆ ಉಲ್ಟಾ. ಎದ್ದಾಗಲೇ ಹೆಚ್ಚು. ಡೈರಿಗೆ ಹಾಲು ಹಾಕಿ ಬಂದ ಮೇಲೂ ಮುಷ್ಟಿ ಕಟ್ಟೋಕೆ ಬರಲ್ಲವಂತೆ. ಎರಡೂ ಕೈಗೆ ಒಂದೇ ಥರ. ಬೆರಳಿನ ಬುಡದ ಗೆಣ್ಣುಗಳು ಊದಿವೆ. ಮೇಲೆ ಸುಸ್ತು ಬೇರೆ.

ನಾನು ನರ್ಸು, ಡಾಕ್ಟರಲ್ಲ. ವಿಡಿಯೋ ನೋಡಿ ಕಾಯಿಲೆಗೆ ಹೆಸರಿಡುವುದು ತಪ್ಪು. ಆದರೆ ನಾನು ಕೆಲಸ ಮಾಡುವ ವಾರ್ಡಿನಲ್ಲಿ ಇಂಥ ಕೈಗಳನ್ನು ದಿನಾ ಹಿಡಿಯುತ್ತೇನೆ. ಇಲ್ಲಿನವರು ‘ಬೆಳಗ್ಗೆ ಸ್ವೆಟರ್ ಗುಂಡಿ ಹಾಕೋಕೆ ಆಗಲ್ಲ’ ಅನ್ನುತ್ತಾರೆ, ನಮ್ಮಲ್ಲಿ ಮುದ್ದೆ ಕೋಲು. ರುಮಟಾಯ್ಡ್ ಅಂತಾರೆ ಇದನ್ನು. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ವಯಸ್ಸಾಗಿರಬೇಕು ಅಂತೇನೂ ಇಲ್ಲ, ಅತ್ತಿಗೆಗೆ 38. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಕೈ ಕುಲುಕುವ ಹಾಗೆ ಅವರ ನಾಲ್ಕು ಗೆಣ್ಣುಗಳನ್ನು ಅಡ್ಡಕ್ಕೆ ಹಿಡಿದು ಮೆಲ್ಲಗೆ ಒತ್ತಿ ನೋಡು. ಮುಖ ಕಿವುಚಿದರೆ ಇನ್ನು ಕಾಯಬೇಡಿ. ಮೊದಲ ಕೆಲವು ತಿಂಗಳಲ್ಲೇ ಔಷಧಿ ಶುರುವಾದರೆ ಕೀಲು ಉಳಿಯುತ್ತದೆ. ಒಮ್ಮೆ ಬೆರಳು ಸೊಟ್ಟಗಾದರೆ ಮಾತ್ರೆಯಿಂದ ನೆಟ್ಟಗಾಗಲ್ಲ.

ಅಪ್ಪ ಹೇಳುವುದು ನನಗೆ ಗೊತ್ತು. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಬೀದಿಗೆ ಬೀದಿಯೇ ಕೋಲೂರಿ ನಡೆದಿತ್ತು, ಎಲ್ಲರಿಗೂ ತಾನಾಗಿ ವಾಸಿಯಾಯಿತಲ್ಲ ಅಂತ. ಅದು ಸೊಳ್ಳೆಯಿಂದ ಬಂದ ಜ್ವರದ ನೋವು. ಕೆಲವರಿಗೆ ತಿಂಗಳುಗಟ್ಟಲೆ ಕಾಡಿದರೂ ಹೆಚ್ಚಿನವರಿಗೆ ಹೋಯಿತು. ಅತ್ತಿಗೆಗೆ ಜ್ವರವೇ ಬಂದಿರಲಿಲ್ಲ. ಚಿಕ್ಕಪ್ಪನದು ಇನ್ನೂ ಬೇರೆ. ಬಾಡೂಟ, ಬಿಯರು ಮುಗಿಸಿ ಮಲಗಿದವರಿಗೆ ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಕಿರುಚಿದರಲ್ಲ, ಅದು ಗೌಟ್. ಯೂರಿಕ್ ಆಸಿಡ್ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂತಿರುತ್ತದೆ. ಒಂದೇ ಕೀಲು ಹಾಗೆ ಕೆಂಪಾಗಿ ಸುಡುತ್ತಾ ಜ್ವರವೂ ಬಂದರೆ ಮಾತ್ರ ಗೌಟ್ ಅಂದುಕೊಂಡು ಮನೆಯಲ್ಲಿ ಕೂರಬಾರದು. ಒಳಗೆ ಕೀವಾಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಅತ್ತಿಗೆ ನೋವಿಗೆ ತಿನ್ನುವ ಆ ಪೊಟ್ಟಣದ ಪುಡಿ. ಎರಡೇ ದಿನಕ್ಕೆ ನೋವು ಮಾಯ ಅಂದರೆ ನನಗೆ ಖುಷಿಯಾಗಲ್ಲ, ಭಯವಾಗುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಅತ್ತಿಗೆಯ ಮುಖ ಸ್ವಲ್ಪ ಗುಂಡಗೆ ಕಂಡಿತು, ಸ್ಟೀರಾಯ್ಡ್ ತಿಂದರೆ ಹಾಗಾಗುತ್ತದೆ, ಅದಕ್ಕೇ ಪುಡಿಯ ವಿಷಯ ಕೇಳಿದ್ದು. ತುಂಬ ದಿನದಿಂದ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ಡಾಕ್ಟರಿಗೆ ತೋರಿಸಿ. ನಿನ್ನ ಮಾತ್ರೆಯನ್ನಂತೂ ಕೊಡಬೇಡ. ಅದು ನೋವು ಅಡಗಿಸುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ. ಬಿಪಿ ಇರುವ ನಿನಗೂ ಅದು ದಿನಾ ಒಳ್ಳೆಯದಲ್ಲ, ಕಿಡ್ನಿಗೆ ಪೆಟ್ಟು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸು ಅಂದಿದ್ದೆನಲ್ಲ, ಮಾಡುತ್ತಿದ್ದೀಯಾ? ತೊಡೆ ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆ.

ಅಣ್ಣನಿಗೆ ಹೇಳು, ಮಂಡ್ಯದಲ್ಲಿ ಎಕ್ಸ್‌ರೇ ತೆಗೆಸಿ ಸುಮ್ಮನಾಗುವುದು ಬೇಡ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಮೈಸೂರಿನಲ್ಲಿ ರುಮಟಾಲಜಿಸ್ಟ್, ಅಂದರೆ ಇಂಥ ಕೀಲಿನ ಕಾಯಿಲೆಗಳ ಡಾಕ್ಟರ್ ಹತ್ತಿರವೇ ಹೋಗಲಿ. ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ಈ ಕಾಯಿಲೆಯ ಗುರುತು ಹುಡುಕುವ ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ನೋಡುತ್ತಾರೆ. ಆರ್‌ಎ ಫ್ಯಾಕ್ಟರ್ ಇಲ್ಲ ಅಂತ ಬಂದರೂ ಕಾಯಿಲೆ ಇರಬಹುದು. ಇದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ನೆನಪಿರಲಿ, ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿ ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಸುತ್ತು ಹಾಕಿ. ಗುಣ ಕಾಣೋಕೆ 6ರಿಂದ 12 ವಾರ ಬೇಕು, ನಡುನಡುವೆ ರಕ್ತ ಪರೀಕ್ಷೆಯೂ ಆಗಬೇಕು. ಹದಿನೈದು ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಅಂತ ಬಿಡಬೇಡಿ.

ಸಂಕ್ರಾಂತಿ ಕಳೀಲಿ ಅನ್ನಬೇಡ. ದುಡ್ಡು ಅಣ್ಣನ ಖಾತೆಗೆ ಹಾಕಿದ್ದೇನೆ. ಅತ್ತಿಗೆಯ ಕೈ ಸರಿಹೋಗುವವರೆಗೆ ಮುದ್ದೆ ಅಣ್ಣನೇ ತಿರುವಲಿ. ಆಲೆಮನೆಯಲ್ಲಿ ಕೊಪ್ಪರಿಗೆ ತಿರುವುವ ಕೈಗೆ ಅದೇನು ಭಾರ?

ನಿನ್ನ,
ಪುಟ್ಟಿ